ಮುರಕಲ್ಲಿನ ಅಡಿಯಲ್ಲಿ ಹೊಸ ಕೊಳವೆ

ರಸ್ತೆಯಡಿಯ ಹಳೆಯ ಕೊಳವೆಯನ್ನು ಬದಲಿಸಲು ಅದರ ಉದ್ದಕ್ಕೂ ಕಣಿ ತೋಡಲೇಬೇಕೆಂದಿಲ್ಲ. ಎರಡು ತುದಿಗಳಲ್ಲಿ ಒಂದೊಂದು ಹೊಂಡ ಅಗೆದರೆ, ನಡುವಿನ ರಸ್ತೆಯನ್ನು ಮುಟ್ಟದೆ ಹೊಸ ಪೈಪನ್ನು ಒಳಗೆ ಎಳೆದುಕೊಳ್ಳಬಹುದು. ಎಂಜಿನಿಯರುಗಳು ಇದನ್ನು ಟ್ರೆಂಚ್‌ಲೆಸ್ ವಿಧಾನ ಎನ್ನುತ್ತಾರೆ. ಕುಡಿಯುವ ನೀರು, ಒಳಚರಂಡಿ, ಅಡುಗೆ ಅನಿಲ, ಇಂಟರ್ನೆಟ್ ಕೇಬಲ್, ಹೀಗೆ ನೆಲದಡಿ ಹಾಯುವ ಎಲ್ಲಕ್ಕೂ ಇದರ ಒಂದಲ್ಲ ಒಂದು ಬಗೆ ಒದಗುತ್ತದೆ.

ಕರಾವಳಿಯಲ್ಲಿ ಇದರ ಅಗತ್ಯ ಬಯಲುಸೀಮೆಗಿಂತ ಹೆಚ್ಚು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮೇ ತಿಂಗಳಲ್ಲಿ ತೋಡಿ ಮುಚ್ಚಿದ ಕಣಿ ಎಷ್ಟು ಗಟ್ಟಿಯಾಗಿ ಕಂಡರೂ, ನಾಲ್ಕು ಜಡಿಮಳೆಗೆ ಮಣ್ಣು ಕೂತು ಮೇಲಿನ ಡಾಮರು ಕುಸಿಯುತ್ತದೆ. ಮಳೆ ಬಿಟ್ಟ ಮೇಲೆ ಉಳಿಯುವ ತಿಂಗಳುಗಳಲ್ಲಿ ಜಾತ್ರೆ, ನೇಮ, ಮದುವೆಗಳ ಸಾಲು. ಶ್ರೀಕೃಷ್ಣ ಮಠದ ರಥಬೀದಿಯಲ್ಲಂತೂ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ನಡೆಯುತ್ತದೆ, ಉತ್ಸವಗಳಿಗೆ ರಥ ಎಳೆಯುತ್ತಾರೆ. ಅಂಥ ಬೀದಿಯನ್ನು ಉದ್ದಕ್ಕೆ ಸೀಳಿ ಪೈಪ್ ಹಾಕುವುದಕ್ಕೆ ವರ್ಷದಲ್ಲಿ ಸಿಗುವ ದಿನಗಳು ತೀರಾ ಕಡಿಮೆ.

ಬದಲಾವಣೆಯ ಬಗೆಗಳಲ್ಲಿ ಅತ್ಯಂತ ನೇರವಾದದ್ದು ಪೈಪ್ ಬರ್ಸ್ಟಿಂಗ್. ಹಳೆಯ ಕೊಳವೆಯನ್ನು ಇದ್ದಲ್ಲೇ ಒಡೆದು, ಅದೇ ಜಾಗದಲ್ಲಿ ಹೊಸದನ್ನು ಕೂರಿಸುವ ಉಪಾಯ ಇದು. 1970ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ, ತುಕ್ಕು ಹಿಡಿದ ಎರಕದ ಕಬ್ಬಿಣದ ಗ್ಯಾಸ್ ಪೈಪುಗಳನ್ನು ಬದಲಿಸಲು ಇದನ್ನು ರೂಪಿಸಿದರು. ಮೊದಲು ಒಂದು ಹೊಂಡದಿಂದ ಉಕ್ಕಿನ ಸರಳುಗಳನ್ನು ಒಂದಕ್ಕೊಂದು ಜೋಡಿಸುತ್ತ ಹಳೆಯ ಕೊಳವೆಯೊಳಗೆ ತಳ್ಳುತ್ತಾರೆ. ಸರಳು ಆಚೆಯ ಹೊಂಡದಲ್ಲಿ ಕಾಣಿಸಿಕೊಂಡಾಗ ಅದರ ತುದಿಗೆ ಶಂಕುವಿನಾಕಾರದ ಉಕ್ಕಿನ ತಲೆಯನ್ನು, ಅದರ ಬೆನ್ನಿಗೆ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಹೊಸ ಪೈಪನ್ನು ಕಟ್ಟುತ್ತಾರೆ. ಬಳಿಕ ಹೈಡ್ರಾಲಿಕ್ ಯಂತ್ರ ಸರಳನ್ನು ಹಿಂದಕ್ಕೆ ಸೆಳೆಯುತ್ತದೆ. ಮುಂದೆ ಸಾಗುವ ತಲೆ ಹಳೆಯ ಕೊಳವೆಯನ್ನು ಒಡೆದು, ಚೂರುಗಳನ್ನು ಸುತ್ತಲಿನ ಮಣ್ಣಿಗೆ ಒತ್ತುತ್ತದೆ. ತೆರವಾದ ದಾರಿಯಲ್ಲಿ ಹೊಸ ಪೈಪ್ ಹಿಂದೆಯೇ ಜಾರಿ ಬರುತ್ತದೆ. ಮೊದಲಿದ್ದುದಕ್ಕಿಂತ ದೊಡ್ಡ ಪೈಪನ್ನೂ ಹೀಗೆ ಎಳೆಯಬಹುದು. 100 ಮಿಲಿಮೀಟರಿನ ಕೊಳವೆಯ ಜಾಗದಲ್ಲಿ 150ರದ್ದು ಕೂರುತ್ತದೆ. ಬೆಳೆಯುತ್ತಿರುವ ಊರಿಗೆ ಇದು ಸಣ್ಣ ಲಾಭವಲ್ಲ.

ಹೊಸ ಪೈಪಿನ ತುಂಡುಗಳನ್ನು ಮೇಲೆ ರಸ್ತೆ ಬದಿಯಲ್ಲೇ ಬೆಸೆಯುತ್ತಾರೆ. ಸುಮಾರು 200 ಡಿಗ್ರಿಗೆ ಕಾಯಿಸಿದ ಫಲಕಕ್ಕೆ ಎರಡು ತುದಿಗಳನ್ನು ಒತ್ತಿ, ಕರಗಿದ ಮೇಲೆ ಒಂದಕ್ಕೊಂದು ಅದುಮಿ ತಣಿಯಲು ಬಿಟ್ಟರೆ ಬೆಸುಗೆ ಪೈಪಿನಷ್ಟೇ ಗಟ್ಟಿ. ಹಳೆಯ ಎರಕದ ಪೈಪುಗಳಲ್ಲಿ ಸೋರಿಕೆಗೆ ಮೂಲ ಹೆಚ್ಚಾಗಿ ಸಂದುಗಳೇ. ಇಲ್ಲಿ ಹೊಂಡದಿಂದ ಹೊಂಡಕ್ಕೆ ಒಂದೇ ಅಖಂಡ ಕೊಳವೆ.

ತೊಡಕುಗಳೂ ಇವೆ. ಒಡೆಯಲು ಕೊಳವೆ ಪೆಡಸಾಗಿರಬೇಕು. ಎರಕದ ಕಬ್ಬಿಣ, ಮಣ್ಣಿನ ಕೊಳವೆ, ಕಾಂಕ್ರೀಟ್ ಒಡೆಯುತ್ತವೆ. ಉಕ್ಕು ಒಡೆಯುವುದಿಲ್ಲ, ಅದನ್ನು ಸೀಳಲು ಅಲಗಿರುವ ಬೇರೆ ತಲೆ ಬೇಕು. ಆಸ್ಬೆಸ್ಟಾಸ್ ಸಿಮೆಂಟಿನ ಪೈಪುಗಳ ಧೂಳು ಶ್ವಾಸಕೋಶಕ್ಕೆ ಅಪಾಯ, ಅಲ್ಲಿ ಹೊಂಡದಲ್ಲಿ ಇಳಿಯುವ ಕೆಲಸಗಾರರ ರಕ್ಷಣೆ ಮೊದಲು. ಕೊಳವೆ ಅರ್ಧ ಮೀಟರಿನಷ್ಟೇ ಆಳದಲ್ಲಿದ್ದರೆ ಒತ್ತಿದ ಮಣ್ಣು ರಸ್ತೆಯನ್ನೇ ಉಬ್ಬಿಸುತ್ತದೆ. ಎಲ್ಲಕ್ಕಿಂತ ದೊಡ್ಡದು ಮನೆಗಳ ಸಂಪರ್ಕ. ಪ್ರತಿ ಮನೆಯ ನಳ್ಳಿಯ ಸಂದಿಯಲ್ಲೂ ಚಿಕ್ಕ ಹೊಂಡ ತೋಡಿ ಮರುಜೋಡಿಸಲೇಬೇಕು. ಮನೆಗಳು ಒತ್ತೊತ್ತಾಗಿರುವ ಬೀದಿಯಲ್ಲಿ ಹೊಂಡಗಳ ಲೆಕ್ಕ ಏರುತ್ತ ಹೋಗಿ, ಕಣಿ ತೋಡುವುದೇ ಅಗ್ಗವೆನಿಸುವ ಹಂತವೂ ಬರುತ್ತದೆ. ದೂರ ದೂರ ಮನೆಗಳಿರುವ ರಸ್ತೆಯಲ್ಲಿ, ಹೆದ್ದಾರಿ ದಾಟುವಲ್ಲಿ, ಮುಖ್ಯ ಸರಬರಾಜು ಮಾರ್ಗದಲ್ಲಿ ಈ ವಿಧಾನದ ಲಾಭ ಪೂರ್ತಿ ಕೈಗೆ ಬರುತ್ತದೆ.

ಒಳಚರಂಡಿಯ ದಾರಿ ಬೇರೆ. ಕೊಳಚೆ ತನ್ನ ಭಾರದಲ್ಲೇ ಹರಿಯಬೇಕಾದ್ದರಿಂದ ಕೊಳವೆಯ ಇಳಿಜಾರು ಒಂದಿಷ್ಟೂ ಕೆಡಬಾರದು. ಅಲ್ಲಿ ಹಳೆಯ ಕೊಳವೆಯನ್ನು ಉಳಿಸಿಕೊಂಡು ಒಳಗೊಂದು ಹೊಸ ಗೋಡೆ ಕಟ್ಟುವುದು ಜಾಣತನ. 1971ರಲ್ಲಿ ಎರಿಕ್ ವುಡ್ ಎಂಬ ಎಂಜಿನಿಯರ್ ಲಂಡನ್ನಿನ ಹ್ಯಾಕ್ನಿಯಲ್ಲಿ ಹಳೆಯ ಇಟ್ಟಿಗೆಯ ಚರಂಡಿಯೊಂದಕ್ಕೆ ಇದನ್ನು ಮೊದಲ ಬಾರಿ ಮಾಡಿದರು. ರಾಳದಲ್ಲಿ ತೊಯ್ಸಿದ ದಪ್ಪ ಬಟ್ಟೆಯ ಚೀಲವನ್ನು ಮ್ಯಾನ್‌ಹೋಲಿನಿಂದ ಒಳಬಿಟ್ಟು, ಉಬ್ಬಿಸಿ, ಬಿಸಿನೀರು ಅಥವಾ ಹಬೆ ಹಾಯಿಸಿದರೆ ರಾಳ ಗಟ್ಟಿಯಾಗಿ ಕೊಳವೆಯೊಳಗೊಂದು ಕೊಳವೆ ಸಿದ್ಧ. ಇಂದ್ರಾಣಿ ಹೊಳೆಯ ಬದಿಯ ಬಾವಿಗಳು ಕೊಳಚೆಯಿಂದ ಕೆಟ್ಟವೆಂಬ ದೂರು ಉಡುಪಿಗೆ ಹಳೆಯದು. ಮನೆಗೊಂದು ಬಾವಿಯಿರುವ ಈ ನೆಲದಲ್ಲಿ ಬಿರುಕುಬಿಟ್ಟ ಚರಂಡಿ ಎಂದರೆ ಪಕ್ಕದ ಮನೆಯ ಕುಡಿಯುವ ನೀರಿನ ಪ್ರಶ್ನೆ. ಮಳೆಗಾಲದಲ್ಲಿ ಅದೇ ಬಿರುಕಿನಿಂದ ಅಂತರ್ಜಲ ಒಳನುಗ್ಗಿ ಶುದ್ಧೀಕರಣ ಘಟಕದ ಮೇಲಿನ ಹೊರೆಯೂ ಹೆಚ್ಚುತ್ತದೆ.

ಹಳೆಯ ದಾರಿಯನ್ನು ಬಿಟ್ಟು ಪಕ್ಕದಲ್ಲಿ ಹೊಸದಾಗಿ ಕೊರೆಯುವುದು ಮೂರನೆಯ ಬಗೆ, ಎಚ್‌ಡಿಡಿ (ಹಾರಿಜಾಂಟಲ್ ಡೈರೆಕ್ಷನಲ್ ಡ್ರಿಲ್ಲಿಂಗ್). ರಸ್ತೆ ಬದಿಯಲ್ಲಿ ಓರೆಯಾಗಿ ನಿಂತ ಯಂತ್ರ, ಪಕ್ಕದಲ್ಲಿ ಬೂದುಬಣ್ಣದ ಕೆಸರಿನ ಟ್ಯಾಂಕ್: ಕೇಬಲ್ ಮತ್ತು ಗ್ಯಾಸ್ ಪೈಪ್ ಎಳೆಯುವಲ್ಲಿ ಕಾಣುವ ನೋಟ ಇದು. ಕೊರೆಯುವ ತಲೆಯ ಮುಖ ಒಂದು ಕಡೆ ಓರೆ. ತಿರುಗಿಸುತ್ತ ತಳ್ಳಿದರೆ ನೇರ ಹೋಗುತ್ತದೆ, ತಿರುಗಿಸದೆ ತಳ್ಳಿದರೆ ಓರೆಯತ್ತ ಬಾಗುತ್ತದೆ. ತಲೆಯೊಳಗಿನ ರೇಡಿಯೋ ಸಾಧನದ ಸಂಕೇತ ಹಿಡಿಯುತ್ತ ಒಬ್ಬ ಮೇಲೆ ನಡೆಯುತ್ತಾನೆ, ಆಳ ಮತ್ತು ದಿಕ್ಕನ್ನು ಯಂತ್ರದವನಿಗೆ ಹೇಳುತ್ತಾನೆ. ಬೆಂಟೋನೈಟ್ ಜೇಡಿಯ ಕೆಸರು ಬಿಲದ ಗೋಡೆ ಕುಸಿಯದಂತೆ ತಡೆದು, ಕೊರೆದ ಮಣ್ಣನ್ನು ಹೊರಗೆ ಹೊತ್ತು ತರುತ್ತದೆ. ವಾಪಸ್ ಬರುವಾಗ ಬಿಲವನ್ನು ಅಗಲಿಸಿ ಪೈಪನ್ನು ಎಳೆದುಕೊಳ್ಳುತ್ತಾರೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ನಿರ್ಧರಿಸುವುದು ನೆಲ. ಉಡುಪಿ ಜಿಲ್ಲೆಯ ನೆಲ ಕೆಲವೇ ಮೈಲಿಗಳಲ್ಲಿ ಸ್ವಭಾವ ಬದಲಿಸುತ್ತದೆ. ಮಣಿಪಾಲದ ಗುಡ್ಡ ಮುರಕಲ್ಲಿನದು. ಮೇಲ್ಪದರ ಗಟ್ಟಿ, ಗಾಳಿಗೆ ಒಡ್ಡಿಕೊಂಡಷ್ಟೂ ಇನ್ನೂ ಗಟ್ಟಿ. ಅದರ ಕೆಳಗೆ ಮೆತ್ತನೆಯ ಶೇಡಿಮಣ್ಣು, ಒಣಗಿದ್ದಾಗ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮುರಕಲ್ಲನ್ನು ಕೊರೆದು ಶೇಡಿಗೆ ಇಳಿದ ತಲೆ ಇದ್ದಕ್ಕಿದ್ದಂತೆ ಕೆಳಕ್ಕೆ ಜಾರಬಹುದು. ಮುರಕಲ್ಲಿನ ತೂತುಗಳಲ್ಲಿ ಕೆಸರು ಸೋರಿ ಎಲ್ಲೋ ದೂರದಲ್ಲಿ ಮೇಲೆ ಬರಬಹುದು. ಬಾವಿಗಳ ಹತ್ತಿರ ಕೊರೆಯುವಾಗ ಇದನ್ನು ಮರೆಯುವಂತಿಲ್ಲ.

ಕಾಪುವಿನ ಕಡಲಬದಿಯಲ್ಲಿ ಮರಳು, ಕೆಲವೇ ಅಡಿಗಳಲ್ಲಿ ನೀರು. ತೆರೆದ ಕಣಿಯ ಗೋಡೆ ಅಲ್ಲಿ ನಿಲ್ಲುವುದೇ ಕಷ್ಟ, ಪಂಪು ಓಡುತ್ತಲೇ ಇರಬೇಕು. ಉಪ್ಪು ಗಾಳಿ, ಉಪ್ಪು ನೀರು ಕಬ್ಬಿಣವನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಪೈಪ್ ಅಲ್ಲಿಗೆ ಹೇಳಿ ಮಾಡಿಸಿದ್ದು. ಆದರೆ ಮರಳೊಂದೇ ಇದೆಯೆಂದು ನಂಬಿ ಹೊರಡುವಂತಿಲ್ಲ. 1901ರ ದೀಪಸ್ತಂಭ ನಿಂತಿರುವುದು ಬಂಡೆಯ ಮೇಲೆ. ಒಳನಾಡಿನ ಪಾದೂರಿನಲ್ಲಿ ಬಂಡೆಯನ್ನೇ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಸುರಂಗ ಸಂಗ್ರಹಾಗಾರ ಮಾಡಿದ್ದಾರೆ.

ಕಾರ್ಕಳದ ನೆಲವನ್ನು ಅರಿಯಲು 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನ ಪಾದದ ಬಳಿ ನಿಂತರೆ ಸಾಕು. ಇಡೀ ಗುಡ್ಡ ಒಂದೇ ಬೋಳು ಪಾದೆಕಲ್ಲು. ಅಂಥಲ್ಲಿ ಮಣ್ಣು ಕೊರೆಯುವ ಸಾಮಾನ್ಯ ತಲೆ ಕೆಲಸಕ್ಕೆ ಬಾರದು. ಕಲ್ಲು ಕೊರೆಯುವ ಉಪಕರಣ ಬೇಕು, ವೇಗ ತಗ್ಗುತ್ತದೆ, ಖರ್ಚು ಏರುತ್ತದೆ. ಬಂಡೆಯಲ್ಲಿ ತೋಡಿದ ಬಿಗಿ ಕಣಿಯಲ್ಲಿ ಕೂತ ಹಳೆಯ ಕೊಳವೆಯನ್ನು ಒಡೆದರೆ ಚೂರುಗಳಿಗೆ ಸರಿಯಲು ಜಾಗವಿಲ್ಲ, ಆದ್ದರಿಂದ ಅಲ್ಲಿ ಒಳಗೋಡೆಯ ವಿಧಾನವೇ ಮೇಲು. ನೆಲ ಎಷ್ಟು ಕಾಡಬಲ್ಲದು ಎಂಬುದಕ್ಕೆ ನೆರೆಯ ಕೇರಳದ ಕಾಸರಗೋಡು ಸಾಕ್ಷಿ. 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಅನಿಲ ಮಾರ್ಗಕ್ಕೆ ಕೊನೆಯವರೆಗೂ ಅಡ್ಡಿಯಾಗಿದ್ದು ಚಂದ್ರಗಿರಿ ಹೊಳೆಯ ಅಡಿಯ ಕೊರೆತ.

ಮಣ್ಣಿನಷ್ಟೇ ಮುಖ್ಯವಾದದ್ದು, ಮೊದಲೇ ಅಲ್ಲಿ ಹುದುಗಿರುವ ಇತರ ಕೊಳವೆ, ಕೇಬಲ್‌ಗಳ ಅರಿವು. ಕಣಿ ತೋಡುವವನಿಗೆ ಅಡ್ಡ ಬಂದ ಕೇಬಲ್ ಕಣ್ಣಿಗೆ ಕಾಣುತ್ತದೆ, ಕೊರೆಯುವವನಿಗೆ ಕಾಣುವುದಿಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಆಪ್ಟಿಕಲ್ ಫೈಬರ್ ತುಂಡಾಗುತ್ತದೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ ಎಂಬುದು ಸರ್ಕಾರದ್ದೇ ಅಂದಾಜು. ಅಗೆಯುವವರು ಮೊದಲೇ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂತು. ನೆಲದೊಳಗೆ ರೇಡಾರ್ ಹಾಯಿಸಿ ನೋಡುವುದು, ಸಂಶಯವಿದ್ದಲ್ಲಿ ಕೈಯಿಂದ ಚಿಕ್ಕ ಪರೀಕ್ಷಾ ಹೊಂಡ ತೋಡುವುದು ಕೆಲಸದ ಮೊದಲ ಭಾಗ. ಈ ಖರ್ಚನ್ನು ಉಳಿಸಿದವರು ಮುಂದೆ ಅದರ ಹಲವು ಪಟ್ಟು ತೆರುತ್ತಾರೆ.

ಪೈಪ್ ಆಚೆ ತುದಿ ಮುಟ್ಟಿದೊಡನೆ ಕತ್ತರಿಸಿ ಜೋಡಿಸುವುದಿಲ್ಲ. ಎಳೆತಕ್ಕೆ ಹಿಗ್ಗಿದ ಎಚ್‌ಡಿಪಿಇ ಮೆಲ್ಲಗೆ ಮೊದಲಿನ ಉದ್ದಕ್ಕೆ ಮರಳಬೇಕು. ಅದಕ್ಕಾಗಿ ಎರಡೂ ಹೊಂಡಗಳಲ್ಲಿ ತುಸು ಹೆಚ್ಚು ಉದ್ದ ಬಿಟ್ಟು ರಾತ್ರಿಯಿಡೀ ಕಾಯುತ್ತಾರೆ. ಆಮೇಲೆ ಒತ್ತಡದ ಪರೀಕ್ಷೆ, ಕ್ಲೋರಿನ್ ನೀರಿನಿಂದ ತೊಳೆತ, ಮನೆಗಳ ಸಂಪರ್ಕ. ಹೊಂಡಗಳನ್ನು ಪದರ ಪದರವಾಗಿ ದಮ್ಮಸು ಹೊಡೆದು ಮುಚ್ಚುವ ಹೊತ್ತಿಗೆ ಹೊಸ ಕೊಳವೆಯ ಆಳ ಮತ್ತು ಜಾಡು ನಕ್ಷೆಗೆ ಏರಿರಬೇಕು.