ಚರ್ಮದ ಉರಿಯೂ ಮನೆಯ ಮುಂದಿನ ಕಳೆಯೂ



ಇಂದು ನಾವು ಆತ್ಮದ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅದು ವಾಸಿಸುವ ಮನೆಯಾದ ಈ ದೇಹದ, ಅದರಲ್ಲಿಯೂ ಆ ಮನೆಯ ಹೊರಗೋಡೆಯಾದ ಚರ್ಮದ ವಿಷಯವನ್ನು ಮಾತನಾಡಬೇಕೆಂದಿದ್ದೇವೆ. ಅದಕ್ಕೆ ಕಾರಣವಿದೆ. ಈ ಆರ್.ಟಿ. ನಗರದಲ್ಲಿಯೇ ಇರುವ ವಯಸ್ಸಾದ ಭಕ್ತರೊಬ್ಬರು ಹಲವು ವರ್ಷ ತಪ್ಪದೆ ಮಠಕ್ಕೆ ಬರುತ್ತಿದ್ದರು. ಒಂದು ಮಳೆಗಾಲದ ನಂತರ ಅವರು ಬರುವುದನ್ನೇ ಬಿಟ್ಟರು. ಏನಾಯಿತೆಂದು ಹೇಳಿಕಳಿಸಿದೆವು. ಬಂದರು, ಆದರೆ ಒಳಗೆ ಬರಲಿಲ್ಲ, ಬಾಗಿಲ ಬಳಿಯೇ ನಿಂತರು. ಮುಖ, ಕತ್ತು, ಮೊಣಕೈಯ ಮಡಿಕೆ ಎಲ್ಲವೂ ಕಪ್ಪಿಟ್ಟು ದಪ್ಪವಾಗಿದ್ದವು. ಕಣ್ಣಿನ ರೆಪ್ಪೆಗಳು ಊದಿದ್ದವು.

“ಯಾಕಪ್ಪಾ, ದೂರ ನಿಂತಿರಿ?” ಎಂದೆವು.

“ಬುದ್ಧಿ, ನನ್ನ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ರಕ್ತ ಕೆಟ್ಟಿದೆ ಅಂತಾರೆ, ಹಿಂದಿನ ಕರ್ಮ ಅಂತಾರೆ. ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ” ಎಂದು ಕಣ್ಣೀರು ತಂದುಕೊಂಡರು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಆ ಮಳೆಗಾಲದ ಮೊದಲಲ್ಲಿ ಅವರು ತುರಿಕೆಯ ವಿಷಯ ಹೇಳಿದಾಗ ನಾವೇ “ಬೇವು, ಅರಿಶಿನ ಅರೆದು ಹಚ್ಚಿ, ಹೋಗುತ್ತದೆ” ಎಂದಿದ್ದೆವು. ಗುರುಗಳ ಮಾತೆಂದು ಅವರು ತಿಂಗಳುಗಟ್ಟಲೆ ಹಚ್ಚಿದರು. ಅದು ಸಾಲದೆಂದು ಯಾರೋ ಹೇಳಿದ ಬೆಳ್ಳುಳ್ಳಿಯನ್ನೂ ಅರೆದು ಹಚ್ಚಿ ಸುಟ್ಟ ಗಾಯ ಮಾಡಿಕೊಂಡರು. ಬಳಿಕ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕ ಒಂದು ಮುಲಾಮು ಹಚ್ಚಿದರು. ಹಚ್ಚಿದಾಗ ಇಳಿಯುವುದು, ಬಿಟ್ಟಾಗ ಎರಡರಷ್ಟು ಏಳುವುದು. ಕೊನೆಗೆ ಚರ್ಮರೋಗದ ವೈದ್ಯರು ಬೆನ್ನಿನ ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ ಕಾರಣ ಹೇಳಿದರು. ಕಾರಣ ರಕ್ತದಲ್ಲಿರಲಿಲ್ಲ, ಕರ್ಮದಲ್ಲಿರಲಿಲ್ಲ. ಅವರು ದಿನವೂ ಬೆಳಗ್ಗೆ ವಾಕಿಂಗ್ ಹೋಗುವ ದಾರಿಯ ಖಾಲಿ ಸೈಟಿನಲ್ಲಿತ್ತು. ಅದೇ ನೀವೆಲ್ಲರೂ ಕಂಡಿರುವ ಕಾಂಗ್ರೆಸ್ ಗಿಡ, ಪಾರ್ಥೇನಿಯಂ.

ಈ ಗಿಡ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ ಬಿಸಿನಾಡುಗಳದ್ದು. 1955ರಲ್ಲಿ ಪುಣೆಯಲ್ಲಿ ಇದು ಎದ್ದುಕಂಡಿತು. ಆಮದಾದ ಗೋಧಿಯ ಜೊತೆ ಹರಡಿತೆಂದು ಬಹುಕಾಲದಿಂದ ಹೇಳುತ್ತಾರೆ. ಮುಂದೆ ದೇಶವನ್ನೆಲ್ಲ ಆವರಿಸಿತು. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೆಬ್ಬಾಳದಿಂದ ಗಂಗಾನಗರದವರೆಗೆ, ಸುಲ್ತಾನ್‌ಪಾಳ್ಯದವರೆಗೆ ಎಲ್ಲಿ ನೋಡಿದರೂ, ಅಗೆದು ಬಿಟ್ಟ ಮಣ್ಣು, ಕಟ್ಟದೆ ಬಿಟ್ಟ ಸೈಟು, ರೈಲುದಾರಿಯ ಅಂಚು ಇದ್ದಲ್ಲಿ ಒಂದು ಮಳೆ ಬಿದ್ದರೆ ಸಾಕು, ಇದು ಎದ್ದು ನಿಲ್ಲುತ್ತದೆ. ಬಿಳಿಯ ಸಣ್ಣ ಹೂವು ನೋಡಲು ಸಾಧುವಾಗಿ ಕಾಣುತ್ತದೆ.

ಇದು ಎರಡು ಬಗೆಯಲ್ಲಿ ಕಾಡುತ್ತದೆ. ಇದರ ಪರಾಗ ಗಾಳಿಯಲ್ಲಿ ಮೂಗು ಸೇರಿದರೆ ಕೆಲವರಿಗೆ ಕೂಡಲೇ ಸೀನು, ನೆಗಡಿ, ಕಣ್ಣುರಿ. ನಮ್ಮ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ.ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು 1970ರ ದಶಕದಿಂದಲೇ ಇದನ್ನು ಅಭ್ಯಾಸ ಮಾಡಿದರು. 1991ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ನೋಡಿದ ಜನರಲ್ಲಿ ಶೇಕಡ 7ರಷ್ಟು ಮಂದಿಗೆ ಈ ಪರಾಗದಿಂದಲೇ ಮೂಗಿನ ತೊಂದರೆ ಇತ್ತು. ಇದು ಒಂದು ಬಗೆ.

ಎರಡನೆಯದು ಚರ್ಮದ್ದು. ಗಿಡದ ಎಲೆ, ಕಾಂಡ, ಹೂವಿನ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಬಟ್ಟೆ ಮುಚ್ಚದ ಜಾಗದಲ್ಲಿ ಕೂರುತ್ತದೆ. ಆದ್ದರಿಂದಲೇ ಮುಖ, ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಹುಣ್ಣು ಮೊದಲು ಕಾಣುತ್ತದೆ. ಮುಟ್ಟಿದ ಕೂಡಲೇ ಏಳುವುದಿಲ್ಲ. ಒಂದೆರಡು ದಿನ ಕಳೆದು ಏಳುತ್ತದೆ. ಹೀಗಾಗಿ ಜನ ಗಿಡವನ್ನು ಸಂಶಯಿಸುವುದಿಲ್ಲ, ನಿನ್ನೆ ಉಂಡ ಬದನೆಕಾಯಿಯನ್ನು ನಂಜು ಎಂದು ದೂರುತ್ತಾರೆ.

ಹಾಗಾದರೆ ಅದೇ ದಾರಿಯಲ್ಲಿ ನಡೆದ ಎಲ್ಲರಿಗೂ ಏಕೆ ಬರುವುದಿಲ್ಲ? ಒಂದು ದೃಷ್ಟಾಂತದಿಂದ ತಿಳಿಯೋಣ. ಒಂದು ದೊಡ್ಡ ಮನೆಗೆ ಕಾವಲುಗಾರರಿದ್ದಾರೆ. ಕಳ್ಳ ಬಂದರೆ ಓಡಿಸುವುದು ಅವರ ಕೆಲಸ. ಒಂದು ದಿನ ಬಾಗಿಲ ಮುಂದೆ ಬಂದ ದಾರಿಹೋಕನನ್ನು ಕಳ್ಳನೆಂದು ಒಬ್ಬ ಕಾವಲುಗಾರ ಗುರುತು ಬರೆದುಕೊಂಡ. ಅಂದಿನಿಂದ ಆ ದಾರಿಹೋಕ ಕಂಡಾಗಲೆಲ್ಲ ಪಂಜು ಹಿಡಿದು ಓಡುತ್ತಾನೆ. ದಾರಿಹೋಕನಿಗೆ ಏನೂ ಆಗುವುದಿಲ್ಲ, ಪಂಜಿನ ಕಿಡಿ ಬಿದ್ದು ಮನೆಯ ಚಪ್ಪರವೇ ಉರಿಯುತ್ತದೆ. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಆ ಕಾವಲುಗಾರ. ಆ ಬೆಂಕಿಯೇ ಉರಿಯೂತ: ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು. ಕಾಲಿಗೆ ಮುಳ್ಳು ಚುಚ್ಚಿದಾಗ ಈ ಉರಿಯೂತ ನಮ್ಮನ್ನು ಕಾಯುತ್ತದೆ. ಗುರುತು ತಪ್ಪಿದಾಗ ಕಾಡುತ್ತದೆ. ಯಾರ ದೇಹ ಯಾವುದನ್ನು ಹಾಗೆ ತಪ್ಪಾಗಿ ಗುರುತಿಟ್ಟುಕೊಳ್ಳುತ್ತದೆಂದು ಮೊದಲೇ ಹೇಳಲಾಗದು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದ್ದರಿಂದ ಅಂಥವರ ತಟ್ಟೆಯನ್ನು ಬೇರೆ ಇಡುವುದು ಅಜ್ಞಾನ. ಅವರ ಪಕ್ಕದಿಂದ ಎದ್ದುಹೋಗುವುದು ಅಜ್ಞಾನಕ್ಕಿಂತ ಹೆಚ್ಚಿನ ತಪ್ಪು. ಬೇನೆಯಲ್ಲಿರುವವನಿಗೆ ಕರ್ಮದ ಲೆಕ್ಕ ಒಪ್ಪಿಸುವುದು ಧರ್ಮವೂ ಅಲ್ಲ, ದಯೆಯೂ ಅಲ್ಲ.

ಇಷ್ಟು ತಿಳಿದ ಮೇಲೆ, “ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ” ಎಂದು ಮಾರುವ ಪುಡಿ, ಕಷಾಯಗಳ ವಿಷಯ ನೀವೇ ಯೋಚಿಸಿ. ಕಾವಲುಗಾರ ದುರ್ಬಲನಾಗಿರುವುದರಿಂದ ಈ ಬೇನೆ ಬಂದದ್ದಲ್ಲ, ಗುರುತು ತಪ್ಪಿ ಅತಿಯಾಗಿ ಹೊಡೆದಾಡುವುದರಿಂದ ಬಂದದ್ದು. ಅವನ ಕೈಗೆ ಇನ್ನೊಂದು ಪಂಜು ಕೊಡುವುದರಿಂದ ಏನು ಲಾಭ? 2020ರ ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿ ಕಷಾಯ ಕುದಿಯಿತು. ಅಮೃತಬಳ್ಳಿಯನ್ನು ದಿನವೂ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾಯಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಹಾಗಿರಲಿ. ಗಿಡಮೂಲಿಕೆಯೆಂಬ ಒಂದೇ ಕಾರಣಕ್ಕೆ ಅಳತೆಯಿಲ್ಲದೆ ಕುಡಿಯಬಾರದೆಂಬುದು ಯಾರೂ ಒಪ್ಪಬೇಕಾದ ಮಾತು. ಪ್ರಕೃತಿಯದ್ದೆಲ್ಲ ಒಳ್ಳೆಯದು ಎನ್ನುವವರು ಒಮ್ಮೆ ನೆನೆಯಲಿ: ಈ ಪಾರ್ಥೇನಿಯಂ ಕೂಡ ಪ್ರಕೃತಿಯ ಕೂಸೇ.

ಹಾಗೆಂದು ಮನೆಮದ್ದನ್ನು ನಾವು ಹಳಿಯುತ್ತಿಲ್ಲ. ಅದಕ್ಕೆ ಅದರ ಸ್ಥಾನವಿದೆ. ಉರಿಯುವ ಚರ್ಮದ ಮೇಲೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುದ್ಧವಾದ ಬಟ್ಟೆ ಇಟ್ಟರೆ ಹಿತವಾಗುತ್ತದೆ. ಸುಡುವ ನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಮೀಯಬೇಕು. ಒಣಗಿ ಬಿರಿದ ಚರ್ಮಕ್ಕೆ, ಗಾಯವಿಲ್ಲದಿದ್ದರೆ, ಶುದ್ಧವಾದ ತೆಂಗಿನೆಣ್ಣೆ ಒಳ್ಳೆಯದು. ಆದರೆ ಬೇವಾಗಲಿ ಅರಿಶಿನವಾಗಲಿ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಅವುಗಳಿಂದಲೇ ಹೊಸ ಕಜ್ಜಿ ಏಳುವುದುಂಟು. ಬೆಳ್ಳುಳ್ಳಿ ಚರ್ಮವನ್ನು ಸುಡುತ್ತದೆ. ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಬರುತ್ತದೆ. ಸಾರಿನ ಅರಿಶಿನ ಊಟಕ್ಕೆ ಒಳ್ಳೆಯದೇ. ಅದರಿಂದ ಈ ಹುಣ್ಣು ಮಾಯುತ್ತದೆಂದು ನಂಬಿ ಕೂರಬಾರದು. ಸೊಪ್ಪು, ಕಾಳು, ರಾಗಿ, ಹಣ್ಣು ಉಂಡು, ಹೊತ್ತಿಗೆ ಸರಿಯಾಗಿ ಮಲಗಿ, ಬೀಡಿ ಸಿಗರೇಟು ಬಿಟ್ಟು ಬಾಳಿದರೆ ದೇಹ ತನ್ನ ಗಾಯವನ್ನು ತಾನು ಮಾಯಿಸಿಕೊಳ್ಳಲು ನೆರವಾಗುತ್ತದೆ. ಮನಸ್ಸಿನ ಶಾಂತಿಯೂ ಬೇಕು, ಏಕೆಂದರೆ ಚಿಂತೆಯಿಂದ ತುರಿಕೆ, ತುರಿಕೆಯಿಂದ ಕೆರೆತ, ಕೆರೆತದಿಂದ ಮತ್ತೆ ಉರಿ. ಇದು ಗಾಣದ ಎತ್ತಿನಂತೆ ಸುತ್ತುತ್ತದೆ.

ಮುಲಾಮಿನ ವಿಷಯ. ಸ್ಟೀರಾಯ್ಡ್ ಇರುವ ಮುಲಾಮು ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಮದ್ದು. ತಾನಾಗಿ ಕೊಂಡು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರಂತೂ ಅದು ಹರಡಿ ಗುರುತೇ ಸಿಗದಂತಾಗುತ್ತದೆ. ಕಣ್ಣು ಊದಿದರೆ, ಕೀವು ಸೋರಿದರೆ, ಜ್ವರ ಬಂದರೆ, ಮೈಯೆಲ್ಲ ಹರಡಿದರೆ ಮನೆಮದ್ದಿಗೆ ಕಾಯದೆ ಚರ್ಮದ ವೈದ್ಯರ ಬಳಿಗೆ ಹೋಗಬೇಕು. ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ.

ಮೂಲಕ್ಕೆ ಬರೋಣ. ಮದ್ದು ಎಷ್ಟು ಹಚ್ಚಿದರೂ ಕಾರಣ ಬಾಗಿಲಲ್ಲೇ ಇದ್ದರೆ ಬೇನೆ ಮರಳಿ ಬರುತ್ತದೆ. ಈ ಬೇನೆಯಿರುವವರು ಗಿಡವಿರುವ ದಾರಿ ಬಿಡಬೇಕು, ತುಂಬುತೋಳಿನ ಬಟ್ಟೆ ತೊಡಬೇಕು, ಹೊರಗಿನಿಂದ ಬಂದೊಡನೆ ಮುಖ ಕೈಕಾಲು ತೊಳೆದು ಬಟ್ಟೆ ಬದಲಿಸಬೇಕು. ಇನ್ನೊಂದು ಮಾತು ನಮ್ಮ ಮಠಕ್ಕೇ ಸೇರಿದ್ದು: ಸೇವಂತಿಗೆ, ಸೂರ್ಯಕಾಂತಿ ಇದೇ ಕುಲದ ಗಿಡಗಳು, ಪಾರ್ಥೇನಿಯಂ ಒಗ್ಗದ ಕೆಲವರಿಗೆ ಇವೂ ಒಗ್ಗುವುದಿಲ್ಲ. ಆ ಭಕ್ತರಿಗೆ ಪ್ರೀತಿಯಿಂದ ನಾವು ಕೊಡುತ್ತಿದ್ದ ಸೇವಂತಿಗೆಯ ಹಾರವೂ ಅವರ ಕತ್ತಿನ ಉರಿಯಲ್ಲಿ ಪಾಲು ಪಡೆದಿತ್ತು. ಈಗ ಅವರಿಗೆ ಪತ್ರೆ ಮಾತ್ರ ಕೊಡುತ್ತೇವೆ.

ಉಳಿದ ನಾವೆಲ್ಲ ಮಾಡಬೇಕಾದದ್ದು ಗಿಡವನ್ನು ಕೀಳುವುದು. ಹೂ ಬಿಡುವ ಮೊದಲು, ಮಳೆ ಬಂದು ಮಣ್ಣು ಮೆತ್ತಗಿರುವಾಗ, ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಬೇರುಸಹಿತ ಕೀಳಬೇಕು. ಹೂ ಬಿಡದ ಗಿಡವನ್ನು ಗುಂಡಿಗೆ ಹಾಕಿ ಗೊಬ್ಬರ ಮಾಡಬಹುದು. ಒಣಗಿದ ಗಿಡಕ್ಕೆ ಬೆಂಕಿ ಹಚ್ಚಬಾರದು, ಹೊಗೆ ಎಲ್ಲರನ್ನೂ ಕಾಡುತ್ತದೆ. ಮೈ ಒಗ್ಗದವರು, ದಮ್ಮು ಇರುವವರು ಈ ಸೇವೆಗೆ ಬರಬಾರದು. ಅವರ ಪಾಲಿನದನ್ನು ನಾವು ಕೀಳೋಣ. ಎಲೆಯ ಮೇಲೆ ಬಿಳಿ ಮೈಯ, ಕಂದು ಗೆರೆಗಳ ಸಣ್ಣ ಜೀರುಂಡೆ ಕಂಡರೆ ಕೊಲ್ಲಬೇಡಿ. ಅದನ್ನು 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಪರೀಕ್ಷೆ ಮಾಡಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದೂ ಅದರ ಮರಿಯೂ ಈ ಗಿಡದ ಎಲೆಯನ್ನು ತಿಂದು ಬರಿದುಮಾಡುತ್ತವೆ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಮಲಗುತ್ತದೆ, ಗಿಡ ಮಲಗುವುದಿಲ್ಲ. ಹೀಗಾಗಿ ಹುಳುವಿನ ಕೆಲಸಕ್ಕೆ ಮನುಷ್ಯನ ಕೈಯೂ ಸೇರಬೇಕು. ದೇಶದಲ್ಲಿ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಆ ವಾರ ಪ್ರತಿ ಮನೆಯಿಂದ ಒಬ್ಬರು ಒಂದು ಗಂಟೆ ಕೊಟ್ಟರೆ ನಮ್ಮ ಬೀದಿಯ ಖಾಲಿ ಸೈಟುಗಳು ಹಸನಾಗುತ್ತವೆ.

ಆ ಭಕ್ತರು ಈಗ ಹೇಗಿದ್ದಾರೆಂದು ಕೇಳುವಿರಿ. ಬೇನೆ ಪೂರ್ತಿ ಹೋಗಿಲ್ಲ. ವೈದ್ಯರ ಮಾತಿನಂತೆ ನಡೆಯುತ್ತಾರೆ, ಮಳೆಗಾಲ ಬಂದಾಗ ಎಚ್ಚರದಿಂದಿರುತ್ತಾರೆ, ಉರಿ ಬಹಳ ಇಳಿದಿದೆ. ಅವರ ತಟ್ಟೆ ಈಗ ಮನೆಯವರೆಲ್ಲರ ತಟ್ಟೆಯ ಜೊತೆಗಿದೆ. ಇಂದು ಅವರು ಈ ಸಭೆಯ ನಡುವೆ ಕುಳಿತಿದ್ದಾರೆ, ಬಾಗಿಲಲ್ಲಲ್ಲ. ಅವರ ಎರಡೂ ಪಕ್ಕದಲ್ಲಿ ನಿಮ್ಮಲ್ಲಿಯೇ ಯಾರೋ ಕುಳಿತಿದ್ದೀರಿ. ಅದನ್ನು ಕಂಡು ನಮಗೆ ಸಂತೋಷವಾಗಿದೆ. ಬೇನೆಯ ಮೂಲವನ್ನು ಹುಡುಕುವ ವಿವೇಕ, ಬೇನೆಯುಳ್ಳವರನ್ನು ಹತ್ತಿರ ಕೂರಿಸಿಕೊಳ್ಳುವ ದಯೆ, ಇವೆರಡೂ ನಿಮ್ಮೆಲ್ಲರ ಮನೆಗಳಲ್ಲಿ ನೆಲೆಸಲಿ ಎಂದು ಹಾರೈಸುತ್ತೇವೆ.