ಹಳೆಯ ವಾಹನದ ನಿರ್ವಾತ ಕೊಳವೆಗಳು: ಅಲ್ಪ ವೆಚ್ಚದ ದುರಸ್ತಿ, ಗಣನೀಯ ಉಳಿತಾಯ

ಮಂಡ್ಯದ ಬೆಲ್ಲದ ಮಂಡಿ, ಮದ್ದೂರಿನ ಎಳನೀರು ಮಾರುಕಟ್ಟೆ, ಮಳವಳ್ಳಿಯ ಸುತ್ತಲಿನ ರೇಷ್ಮೆ ಹಾಗೂ ಭತ್ತದ ವಹಿವಾಟು, ಇವೆಲ್ಲವೂ ನಡೆಯುವುದು ವಾಹನಗಳ ಮೇಲೆ. ದೊಡ್ಡ ಲಾರಿಗಳನ್ನು ಬಿಟ್ಟರೆ ಸಣ್ಣ ವರ್ತಕರ ಹಾಗೂ ಕಿರು ಉದ್ದಿಮೆದಾರರ ನಿತ್ಯದ ಓಡಾಟಕ್ಕೆ ಆಧಾರವಾಗಿರುವವು ಹತ್ತು ಹದಿನೈದು ವರ್ಷ ದಾಟಿದ ಕಾರು, ವ್ಯಾನು, ಜೀಪುಗಳು. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯ ತಯಾರಿಕೆ 2019ರಲ್ಲಿ ನಿಂತುಹೋದರೂ ಅವು ಇಂದಿಗೂ ದುಡಿಯುತ್ತಿವೆ. ಇಂತಹ ವಾಹನ ಇದ್ದಕ್ಕಿದ್ದಂತೆ ಹೆಚ್ಚು ಪೆಟ್ರೋಲು ಕುಡಿಯತೊಡಗಿದಾಗ, ಸಿಗ್ನಲಿನಲ್ಲಿ ನಿಂತಾಗ ನಡುಗತೊಡಗಿದಾಗ, ಮಾಲೀಕರು ಸಾಮಾನ್ಯವಾಗಿ ಎರಡು ನಿರ್ಧಾರಗಳಲ್ಲಿ ಒಂದಕ್ಕೆ ಬರುತ್ತಾರೆ: ಎಂಜಿನ್ ಕೆಲಸ ಮಾಡಿಸುವುದು ಅಥವಾ ಸಿಕ್ಕಿದ ಬೆಲೆಗೆ ಮಾರಿಬಿಡುವುದು. ಈ ಎರಡಕ್ಕೂ ಮೊದಲು ಪರೀಕ್ಷಿಸಬೇಕಾದ ಒಂದು ಭಾಗವಿದೆ. ಅದು ಎಂಜಿನ್ನಿನ ಮೇಲೆ ಹರಡಿಕೊಂಡಿರುವ ಸಣ್ಣ ರಬ್ಬರ್ ಕೊಳವೆಗಳು, ಅಂದರೆ ವ್ಯಾಕ್ಯೂಂ ಹೋಸುಗಳು.

ನಿರ್ವಾತ ಎಂದರೇನು?

ನಿರ್ವಾತದ ಉಪಯೋಗ ಮಂಡ್ಯ ಜಿಲ್ಲೆಗೆ ಹೊಸದಲ್ಲ. ಆಲೆಮನೆಯ ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗಬೇಕಾದರೆ ನೂರು ಡಿಗ್ರಿಗೂ ಮೇಲ್ಪಟ್ಟ ಉಷ್ಣತೆ ಬೇಕು. 1933ರಲ್ಲಿ ಸ್ಥಾಪನೆಯಾದ ಮೈಷುಗರ್‌ನಂತಹ ಸಕ್ಕರೆ ಕಾರ್ಖಾನೆಗಳಲ್ಲಿ ಮುಚ್ಚಿದ ಪಾತ್ರೆಯೊಳಗಿನ ಗಾಳಿಯನ್ನು ಹೊರತೆಗೆದು ಅದಕ್ಕಿಂತ ಬಹಳ ಕಡಿಮೆ ಉಷ್ಣತೆಯಲ್ಲಿಯೇ ರಸವನ್ನು ಕುದಿಸಿ ಹರಳುಗಟ್ಟಿಸುತ್ತಾರೆ. ಆ ಪಾತ್ರೆಗೆ ಎಲ್ಲಿಂದಲಾದರೂ ಹೊರಗಾಳಿ ನುಸುಳಿದರೆ ಕುದಿಯುವ ಕ್ರಮವೇ ಕೆಡುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿಯೂ ಹೀಗೆಯೇ. ಸಿಲಿಂಡರುಗಳು ಗಾಳಿಯನ್ನು ಒಳಗೆಳೆಯುವಾಗ ಥ್ರಾಟಲ್ ಮುಚ್ಚಿಕೊಂಡಿದ್ದರೆ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಒತ್ತಡ ಹೊರಗಿನ ವಾತಾವರಣಕ್ಕಿಂತ ಕಡಿಮೆಯಾಗುತ್ತದೆ. ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿ ಸುಮಾರು 17ರಿಂದ 21 ಅಂಗುಲ ಪಾದರಸದಷ್ಟು ನಿರ್ವಾತ ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸರಿಸುಮಾರು ಒಂದು ಅಂಗುಲ ಕಡಿಮೆಯಾಗುವುದರಿಂದ, ಸುಮಾರು 2,200 ಅಡಿ ಎತ್ತರದಲ್ಲಿರುವ ಮಂಡ್ಯದಲ್ಲಿ 15ರಿಂದ 19 ಅಂಗುಲ ಬಂದರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಗೇಜಿನ ಮುಳ್ಳು ಇದಕ್ಕಿಂತ ಕೆಳಗೆ ಸ್ಥಿರವಾಗಿ ನಿಂತರೆ ಗಾಳಿಯ ಸೋರಿಕೆಯನ್ನು ಶಂಕಿಸಬೇಕು.

ಈ ನಿರ್ವಾತವೇ ಕೊಳವೆಗಳ ಮೂಲಕ ಹಲವು ಭಾಗಗಳಿಗೆ ಶಕ್ತಿ ಅಥವಾ ಸೂಚನೆ ಒದಗಿಸುತ್ತದೆ: ಬ್ರೇಕ್ ಬೂಸ್ಟರ್, ಡಿಸ್ಟ್ರಿಬ್ಯೂಟರಿನ ಅಡ್ವಾನ್ಸ್ ಘಟಕ, ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್, ಇಂಧನ ಒತ್ತಡದ ನಿಯಂತ್ರಕ, ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿ ಇತ್ಯಾದಿ. ಡೀಸೆಲ್ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಸಾಲದು. ಆದ್ದರಿಂದ ಅದಕ್ಕೆ ಪ್ರತ್ಯೇಕ ವ್ಯಾಕ್ಯೂಂ ಪಂಪ್ ಇರುತ್ತದೆ. ಹಳೆಯ ಡೀಸೆಲ್ ವಾಹನಗಳಲ್ಲಿ ಅದು ಅನೇಕ ವೇಳೆ ಆಲ್ಟರ್ನೇಟರಿನ ಬೆನ್ನಿಗೇ ಜೋಡಣೆಯಾಗಿರುತ್ತದೆ. ಕೊಳವೆಗಳ ಸಮಸ್ಯೆ ಮಾತ್ರ ಎರಡಕ್ಕೂ ಸಮಾನ.

ಕೊಳವೆ ಒಡೆಯುವುದೇಕೆ?

ರಬ್ಬರನ್ನು ಮೆದುವಾಗಿರಿಸುವ ಅಂಶಗಳು ಎಂಜಿನ್ನಿನ ಕಾವಿಗೆ ಕ್ರಮೇಣ ಆವಿಯಾಗುತ್ತವೆ. ಗಾಳಿಯಲ್ಲಿನ ಓಜೋನ್ ಮೇಲ್ಮೈಯಲ್ಲಿ ಸೀಳುಗಳನ್ನು ಉಂಟುಮಾಡುತ್ತದೆ. ಎಣ್ಣೆಯ ಆವಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ಕೊಳವೆಗಳನ್ನು ಜೋಡಿಸುವ ಪ್ಲಾಸ್ಟಿಕ್ಕಿನ ಟೀ, ಎಲ್ಬೋ, ನಿಪ್ಪಲ್‌ಗಳು ವರ್ಷಗಳ ಕಾವಿನಿಂದ ಬಿಸ್ಕತ್ತಿನಂತಾಗುತ್ತವೆ. ಬೇರಾವುದೋ ಕೆಲಸಕ್ಕೆಂದು ಕೈಹಾಕಿದಾಗ ಅವು ಪಟ್ಟನೆ ಮುರಿಯುವುದು ಈ ಕಾರಣದಿಂದಲೇ. ಬಳಕೆಯಿಲ್ಲದೆ ನಿಂತ ವಾಹನದಲ್ಲಿಯೂ ರಬ್ಬರ್ ಮುಪ್ಪಾಗುತ್ತದೆ. ಓಡಿದ ಕಿಲೋಮೀಟರ್ ಕಡಿಮೆಯೆಂಬುದು ಇಲ್ಲಿ ಸಮಾಧಾನವಲ್ಲ.

ಲಕ್ಷಣಗಳು

1. ಐಡ್ಲಿಂಗಿನಲ್ಲಿ ಎಂಜಿನ್ ಏರಿಳಿಯುವುದು, ನಡುಗುವುದು ಅಥವಾ ಅಕಾರಣವಾಗಿ ಹೆಚ್ಚು ವೇಗದಲ್ಲಿ ತಿರುಗುವುದು.
2. ಬಾನೆಟ್ ತೆರೆದಾಗ ಸುಯ್ಯೆಂಬ ಸದ್ದು.
3. ಮೈಲೇಜ್ ಇಳಿಯುವುದು. ಅಡ್ವಾನ್ಸ್ ಘಟಕಕ್ಕೆ ನಿರ್ವಾತ ತಲುಪದಿದ್ದರೆ ಕಿಡಿ ತಡವಾಗಿ ಹಾರುತ್ತದೆ. ಒತ್ತಡದ ಸೆನ್ಸರಿನ ಕೊಳವೆ ಒಡೆದರೆ ಗಣಕ ಘಟಕವು ತಪ್ಪಾಗಿ ಗ್ರಹಿಸಿ ಅಗತ್ಯಕ್ಕಿಂತ ಹೆಚ್ಚು ಇಂಧನ ಬಿಡುತ್ತದೆ.
4. ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ ಪ್ರಮಾಣ ಹೆಚ್ಚಾಗಿ ಕಾಣುವುದು.
5. ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುವುದು.

ಐದನೆಯ ಲಕ್ಷಣವನ್ನು ಒಂದು ದಿನವೂ ಮುಂದೂಡಬಾರದು. ಬೂಸ್ಟರಿಗೆ ನಿರ್ವಾತ ತಲುಪದಿದ್ದರೆ ಬ್ರೇಕ್ ಸಂಪೂರ್ಣ ಹೋಗುವುದಿಲ್ಲ, ಆದರೆ ವಾಹನ ನಿಲ್ಲಿಸಲು ಕಾಲಿನ ಬಲ ಹಲವು ಪಟ್ಟು ಬೇಕಾಗುತ್ತದೆ. ತುಂಬಿದ ಸರಕಿನೊಂದಿಗೆ ಮಳವಳ್ಳಿ ಕಡೆಯಿಂದ ಮದ್ದೂರಿಗೆ ಬರುವ ಚಾಲಕನಿಗೆ ಕಬ್ಬಿನ ಗಾಡಿಯೊಂದು ಅಡ್ಡ ಬಂದಾಗ ಆ ಬಲ ಹಾಕಲು ಸಮಯವಿರುವುದಿಲ್ಲ.

ಇದರ ಪರೀಕ್ಷೆ ಸರಳ. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಕೊನೆಯ ಬಾರಿ ಒತ್ತಿ ಹಿಡಿದಿರುವಂತೆಯೇ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರಿಗೆ ನಿರ್ವಾತ ತಲುಪುತ್ತಿದೆ ಎಂದರ್ಥ. ಇಳಿಯದಿದ್ದರೆ ಕೊಳವೆ, ಏಕಮುಖ ಕವಾಟ, ಬೂಸ್ಟರ್ ಈ ಮೂರನ್ನೂ ನೋಡಿಸಬೇಕು. ಡೀಸೆಲ್ ವಾಹನವಾದರೆ ಪಂಪನ್ನೂ ಪರೀಕ್ಷಿಸಬೇಕು.

ಸೋರಿಕೆ ಪತ್ತೆಹಚ್ಚುವ ವಿಧಾನ

ಮೊದಲು ಕಣ್ಣು ಮತ್ತು ಬೆರಳಿನ ಪರೀಕ್ಷೆ. ತಣ್ಣಗಿರುವ ಎಂಜಿನ್ನಿನ ಪ್ರತಿ ಕೊಳವೆಯನ್ನೂ ಮೆಲ್ಲಗೆ ಬಾಗಿಸಿ ನೋಡಿದರೆ ಸೀಳುಗಳು ತೆರೆದುಕೊಳ್ಳುತ್ತವೆ. ತುದಿಗಳಲ್ಲಿಯೇ ಹೆಚ್ಚಾಗಿ ಒಡಕಿರುತ್ತದೆ. ಅನಂತರ ಎಂಜಿನ್ ಓಡುತ್ತಿರುವಾಗ, ಇನ್ನೂ ಮೆದುವಾಗಿರುವ ಕೊಳವೆಗಳನ್ನು ಒಂದೊಂದಾಗಿ ಇಕ್ಕಳದಿಂದ ಮೃದುವಾಗಿ ಒತ್ತಿಹಿಡಿದು ಎಂಜಿನ್ನಿನ ಸದ್ದು ಬದಲಾಗುವುದೇ ಎಂದು ಗಮನಿಸಬಹುದು. ಕೆಲವೆಡೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ನೋಡುವ ರೂಢಿಯಿದೆ. ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ಬಿಸಿ ಎಂಜಿನ್ನಿನ ಮೇಲೆ ಅಪಾಯಕಾರಿ. ಹೊಗೆ ತುಂಬಿಸಿ ಸೋರಿಕೆ ತೋರಿಸುವ ಯಂತ್ರವಿರುವ ಗ್ಯಾರೇಜಿನಲ್ಲಿ ಕೆಲಸ ನಿಶ್ಚಿತವಾಗಿಯೂ ಸುರಕ್ಷಿತವಾಗಿಯೂ ಆಗುತ್ತದೆ.

ಬದಲಾಯಿಸುವಾಗ ಗಮನಿಸಬೇಕಾದ ಅಂಶಗಳು

ಎಲ್ಲ ಕೊಳವೆಗಳನ್ನೂ ಒಮ್ಮೆಗೇ ಕಳಚಬಾರದು. ಒಂದನ್ನು ತೆಗೆದು, ಅದರ ಜಾಗಕ್ಕೆ ಹೊಸದನ್ನು ಕೂರಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಮೊದಲೇ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಒಳ್ಳೆಯದು. ಹಳೆಯ ಕೊಳವೆಯನ್ನು ಎಳೆದರೆ ಪ್ಲಾಸ್ಟಿಕ್ ನಿಪ್ಪಲ್ ಮುರಿಯುತ್ತದೆ. ಕೊಳವೆಯನ್ನು ಉದ್ದುದ್ದಕ್ಕೆ ಬ್ಲೇಡಿನಿಂದ ಸೀಳಿ, ನಿಪ್ಪಲಿನ ಮೇಲೆ ಗೀರು ಬೀಳದಂತೆ ಬಿಡಿಸಬೇಕು.

ಅಳತೆಯೆಂದರೆ ಒಳವ್ಯಾಸ. ಅರ್ಧ ಮಿಲಿಮೀಟರ್ ಸಡಿಲವಾದರೂ ಗಾಳಿ ಎಳೆಯುತ್ತದೆ. ಹಳೆಯ ತುಂಡನ್ನು ಅಂಗಡಿಗೆ ಒಯ್ಯುವಾಗ ಹಿಗ್ಗಿದ ತುದಿಯನ್ನು ಬಿಟ್ಟು ನಡುಭಾಗವನ್ನು ಅಳೆಯಿಸಬೇಕು. ಗೋಡೆ ದಪ್ಪವಿರಬೇಕು. ತೆಳುವಾದದ್ದು ನಿರ್ವಾತಕ್ಕೆ ಸಿಕ್ಕಿ ಚಪ್ಪಟೆಯಾಗುತ್ತದೆ.

ಯಾವ ಜಾಗಕ್ಕೆ ಯಾವ ವಸ್ತು ಎಂಬುದು ಮುಖ್ಯ. ಸಿಲಿಕೋನ್ ಕೊಳವೆ ಕಾವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ರೋಲ್ ಹಾಗೂ ಎಣ್ಣೆಯ ಆವಿಯಿರುವ ಜಾಗಕ್ಕೆ ಹೊಂದುವುದಿಲ್ಲ. ಎಂಜಿನ್ನಿನ ಉಸಿರು ಕೊಳವೆ, ಇದ್ದಿಲ ಡಬ್ಬಿ ಮತ್ತು ಇಂಧನ ನಿಯಂತ್ರಕಗಳಿಗೆ ಎಣ್ಣೆ ಹಾಗೂ ಇಂಧನ ತಾಳುವ ರಬ್ಬರೇ ಬೇಕು. ಬ್ರೇಕ್ ಬೂಸ್ಟರಿಗೆ ಆ ಉದ್ದೇಶಕ್ಕೆಂದೇ ತಯಾರಾದ, ಒಳಗೆ ನೂಲಿನ ಬಲವರ್ಧನೆಯಿರುವ ಕೊಳವೆಯನ್ನಲ್ಲದೆ ಬೇರೇನನ್ನೂ ಹಾಕಬಾರದು. ನೀರಿನ ಪೈಪಿನ ತುಂಡು ಹಾಕುವುದು ಉಳಿತಾಯವಲ್ಲ, ಅಪಾಯ. ಏಕಮುಖ ಕವಾಟದ ಬಾಣದ ಗುರುತು ಎಂಜಿನ್ನಿನ ಕಡೆಗೆ ಇರಬೇಕು.

ಮುರಿದ ಟೀ, ಎಲ್ಬೋಗಳಿಗೆ ಅಂಟು ಹಾಕಿದರೆ ಊರು ಮುಟ್ಟುವವರೆಗೆ ನಡೆದೀತು. ಶಾಶ್ವತ ಪರಿಹಾರ ಹೊಸ ಜೋಡಣೆಯೇ. ಅಳತೆಗೆ ಸರಿಯಾದ ಹಿತ್ತಾಳೆಯ ಟೀ ದೊರೆತರೆ ಅದು ಪ್ಲಾಸ್ಟಿಕ್ಕಿಗಿಂತ ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಒಳಗೆ ಸಣ್ಣ ರಂಧ್ರದಿಂದ ಗಾಳಿಯ ಹರಿವನ್ನು ನಿಯಂತ್ರಿಸುವ ಜೋಡಣೆಗಳೂ ಇರುತ್ತವೆ. ಅವುಗಳ ಬದಲಿಗೆ ತೆರಪಾದ ಟೀ ಹಾಕಿದರೆ ಹೊಸ ತೊಂದರೆ ಆರಂಭವಾಗುತ್ತದೆ. ಕೊನೆಯಲ್ಲಿ ಹೊಸ ಕೊಳವೆಗಳು ಸೈಲೆನ್ಸರ್ ಮ್ಯಾನಿಫೋಲ್ಡ್ ಹಾಗೂ ಬೆಲ್ಟುಗಳಿಂದ ದೂರವಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಲೆಕ್ಕದ ದೃಷ್ಟಿಯಿಂದ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ತಿಂಗಳಿಗೆ 1,500 ಕಿಲೋಮೀಟರ್ ಓಡುವ ವ್ಯಾನಿನ ಮೈಲೇಜ್ 14ರಿಂದ 12ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳೋಣ. ಮೊದಲು 107 ಲೀಟರ್ ಸಾಕಾಗುತ್ತಿದ್ದಲ್ಲಿ ಈಗ 125 ಲೀಟರ್ ಬೇಕು. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 1,800 ರೂಪಾಯಿ ನಷ್ಟ. ಕೊಳವೆ, ಜೋಡಣೆ, ಕೂಲಿ ಎಲ್ಲ ಸೇರಿ 2,500 ರೂಪಾಯಿ ತಗುಲಿದರೂ ಆರು ವಾರಗಳಲ್ಲಿ ಹಣ ಹಿಂದಿರುಗುತ್ತದೆ. ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು ಇಂಧನ ಹಾಗೂ ಕಿಲೋಮೀಟರ್ ಬರೆಯುವ ಅಭ್ಯಾಸವಿದ್ದರೆ ಮಾತ್ರ ಇಂತಹ ಇಳಿಕೆ ಮೊದಲ ತಿಂಗಳಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಆದಾಯ ತೆರಿಗೆಯ ದೃಷ್ಟಿಯಿಂದ ಇದು ಬಂಡವಾಳ ವೆಚ್ಚವಲ್ಲ, ಚಾಲ್ತಿ ದುರಸ್ತಿ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಪ್ರಯೋಜನವನ್ನು ತರುವುದು ಅಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಾಹನವನ್ನು ಮನೆಯ ಕೆಲಸಕ್ಕೂ ಬಳಸುತ್ತಿದ್ದರೆ ಆ ಪಾಲನ್ನು ಬಿಟ್ಟು ಉಳಿದದ್ದನ್ನು ಮಾತ್ರ ವ್ಯವಹಾರದ ಖರ್ಚಿಗೆ ಹಾಕಬೇಕು. ಆದರೆ ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ದುರಸ್ತಿ ವೆಚ್ಚದ ಪ್ರತ್ಯೇಕ ಕಡಿತ ದೊರೆಯುವುದಿಲ್ಲ. ಅವರಿಗೆ ಉಳಿಯುವುದು ಇಂಧನದಲ್ಲಿ ಉಳಿದಷ್ಟೇ. ಆದ್ದರಿಂದ ದುರಸ್ತಿಯನ್ನು ಬೇಗ ಮಾಡಿಸುವ ಅಗತ್ಯ ಅವರಿಗೇ ಹೆಚ್ಚು.

ಜಿ.ಎಸ್.ಟಿ.ಯಲ್ಲಿ ಚಾಲಕನೂ ಸೇರಿ 13 ಜನರವರೆಗೆ ಕೂರಬಹುದಾದ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವರ್ತಕರಿಗೆ ಸಿಗುವುದಿಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ವಾಹನ ಬಿಡಿಭಾಗಗಳ ಮೇಲಿನ 28 ಶೇಕಡಾ ದರವನ್ನು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಸಲಾಗಿದೆ. ಸಣ್ಣ ಗ್ಯಾರೇಜು ನೋಂದಣಿ ಇಲ್ಲದ್ದಾದರೂ ದಿನಾಂಕ, ವಾಹನ ಸಂಖ್ಯೆ, ಕೆಲಸದ ವಿವರ, ಮೊತ್ತವಿರುವ ಬಿಲ್ಲನ್ನು ಪಡೆದು ಕಡತದಲ್ಲಿಡಬೇಕು.

ಮಾರುವುದೋ, ಉಳಿಸಿಕೊಳ್ಳುವುದೋ?

ಎಲ್ಲ ಹಳೆಯ ವಾಹನಗಳನ್ನೂ ಉಳಿಸಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಲಾಯಿತು. ಚಾಸಿಸ್ ತುಕ್ಕು ಹಿಡಿದು, ಎಂಜಿನ್ ಎಣ್ಣೆ ಸುಡುತ್ತಿದ್ದರೆ ಕೊಳವೆ ಬದಲಾಯಿಸಿ ಪ್ರಯೋಜನವಿಲ್ಲ. ಆದರೆ ಗಟ್ಟಿಯಾದ ವಾಹನವೊಂದನ್ನು ಕೆಲವು ನೂರು ರೂಪಾಯಿಗಳ ರಬ್ಬರಿನ ದೋಷಕ್ಕಾಗಿ ಹಳೆಯ ಕಬ್ಬಿಣದ ಬೆಲೆಗೆ ಮಾರಿ, ಹೊಸದಕ್ಕೆ ಸಾಲದ ಕಂತು ಕಟ್ಟುವುದು ವಿವೇಕದ ವ್ಯವಹಾರವಲ್ಲ. ನಿರ್ಧಾರಕ್ಕೆ ಮೊದಲು ಒಮ್ಮೆ ಬಾನೆಟ್ ತೆರೆಸಿ, ಕೊಳವೆಗಳನ್ನು ಬೆರಳಿನಿಂದ ಬಾಗಿಸಿ ನೋಡಿಸುವುದಕ್ಕೆ ಹತ್ತು ನಿಮಿಷ ಸಾಕು. ಬ್ರೇಕಿನ ಪರೀಕ್ಷೆಗೆ ಒಂದೇ ನಿಮಿಷ ಸಾಕು. ಅದನ್ನು ಪ್ರತಿ ತಿಂಗಳ ಮೊದಲ ದಿನ ಚಾಲಕನಿಂದ ಮಾಡಿಸುವ ಪದ್ಧತಿಯನ್ನು ಪ್ರತಿ ಸಂಸ್ಥೆಯೂ ಇಟ್ಟುಕೊಳ್ಳುವುದು ಹಿತಕರ.