ಬೇಸಗೆಯಲ್ಲಿ ಹರಿಗೋಲಿನ ಸಂಸ್ಕಾರ

ಮಾಯಕೊಂಡದ ಸುತ್ತಲಿನ ನಾಡು ಬಯಲುಸೀಮೆ. ಮೆಕ್ಕೆಜೋಳದ ಹೊಲಗಳ ನಡುವೆ ಕುಳಿತು ದೋಣಿಯ ವಿಷಯವನ್ನು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿಂದ ನೈಋತ್ಯಕ್ಕೆ ಸೂಳೆಕೆರೆ ಅಥವಾ ಶಾಂತಿಸಾಗರವಿದೆ; ಅದರ ನೀರನ್ನು ಹೊತ್ತ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಹರಿಹರದಲ್ಲಿ ಹೊಳೆಗೆ ಕಲ್ಲಿನ ಸೇತುವೆಯಾದದ್ದು 1868ರಲ್ಲಿ. ಅದಕ್ಕೆ ಮೊದಲು ತುಂಬಿದ ಹೊಳೆಯನ್ನು ದಾಟಿಸುವ ಭಾರವೆಲ್ಲ ಬಿದಿರಿನ ಬುಟ್ಟಿಯಂಥ ಒಂದು ದೋಣಿಯ ಮೇಲಿತ್ತು. ಅದೇ ಹರಿಗೋಲು, ತೆಪ್ಪವೆಂದೂ ಕೆಲವರು ಕರೆಯುತ್ತಾರೆ. ಸೇತುವೆಗಳು ಹೆಚ್ಚಿದಂತೆ ಅದರ ಕೆಲಸ ಕಡಿಮೆಯಾಯಿತು. ಆದರೂ ಮೀನುಗಾರಿಕೆಗೆ ಅದು ಇಂದಿಗೂ ಬೇಕು. ಹಂಪೆಯಂಥ ಕಡೆಗಳಲ್ಲಿ ವಿಹಾರಕ್ಕೆ ಬಂದವರು ಆಸೆಯಿಂದ ಏರುವುದೂ ಅದನ್ನೇ.

ಒಂದು ವರ್ಷ ಯುಗಾದಿ ಕಳೆದ ವಾರದಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ ಹೊಳೆಯ ದಂಡೆಗೆ ಹೋಗಿದ್ದೆವು. ನೀರು ತಗ್ಗಿ ಬಂಡೆಗಳು ಎದ್ದು ಕಾಣುತ್ತಿದ್ದವು. ದಡದ ಮೇಲೆ ಒಂದು ಹರಿಗೋಲು ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಡಾಂಬರಿನ ಡಬ್ಬಿಯೂ ಸಿದ್ಧವಾಗಿತ್ತು. ಆದರೆ ಅಂಬಿಗನು ಮರದ ನೆರಳಿನಲ್ಲಿ ನಿಶ್ಚಿಂತೆಯಿಂದ ಕುಳಿತಿದ್ದನು. ಇಂದೇ ಏಕೆ ಬಳಿಯಬಾರದೆಂದು ಒಬ್ಬ ಹುಡುಗನು ಕೇಳಿದನು. "ಇನ್ನೂ ಒಣಗಿಲ್ಲಪ್ಪ. ಹಸಿ ಮೈಗೆ ಡಾಂಬ್ರು ಹಚ್ಚಿದ್ರೆ ಬೊಬ್ಬೆ ಬರ್ತಾವು. ಆ ಬೊಬ್ಬೆ ಮಳೆಗಾಲದಾಗೆ ಹೊಳೆ ನಡುವೆ ಒಡೀತಾವು" ಎಂಬುದು ಅವನ ಉತ್ತರ. ಪಠ್ಯಪುಸ್ತಕದ ಮೂರು ಅಧ್ಯಾಯಗಳ ವಿಷಯ ಈ ಮಾತಿನಲ್ಲಿ ಅಡಗಿತ್ತೆಂಬುದು ನಮಗೆ ಮನೆಗೆ ಮರಳಿದ ಮೇಲೆ ಹೊಳೆಯಿತು.

ಹರಿಗೋಲಿನ ರಚನೆ ಸರಳವಾದುದು. ಬಿದಿರನ್ನು ಸೀಳಿ ದಬ್ಬೆಗಳನ್ನು ಮಾಡಿ, ಅವನ್ನು ಅಡ್ಡ ಉದ್ದ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ ದಪ್ಪ ಕಟ್ಟನ್ನು ಹಾಕುತ್ತಾರೆ. ಹೊರಮೈಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಹಾಳೆಯನ್ನೋ ಚೀಲದ ಬಟ್ಟೆಯನ್ನೋ ಹೊದಿಸಿ ಡಾಂಬರನ್ನು ಬಳಿಯುತ್ತಾರೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಹೊಳೆಯನ್ನು ದಾಟಿಸುವ ಈ ಬುಟ್ಟಿದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆಂದೂ ಬರೆದಿಟ್ಟಿದ್ದಾನೆ. ಸುತ್ತುವುದೇನೂ ಆಶ್ಚರ್ಯವಲ್ಲ. ದುಂಡಗಿನ ದೋಣಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟಿನ ಬಲ ಕೇಂದ್ರದಿಂದ ಸ್ವಲ್ಪ ಸರಿದು ಬಿದ್ದರೂ ಅದು ದೋಣಿಯನ್ನು ತಿರುಗಿಸುತ್ತದೆ, ಆ ತಿರುಗುವಿಕೆಯನ್ನು ತಡೆಯಲು ಕೆಳಗೆ ಏಣು ಇಲ್ಲ. ಮುಂದೆ ವಾಟರ್ಲೂ ಕದನದಿಂದ ಹೆಸರಾದ ಆರ್ಥರ್ ವೆಲ್ಲೆಸ್ಲಿಯ ಸೈನ್ಯ 1803ರ ಮಾರ್ಚ್ ತಿಂಗಳಲ್ಲಿ ಹರಿಹರದಿಂದಲೇ ಉತ್ತರಕ್ಕೆ ಹೊರಟಿತು. ಮಳೆಗಾಲದಲ್ಲಿ ತುಂಬುವ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸಿಡಬೇಕೆಂದು ಅವನು ಕಟ್ಟುನಿಟ್ಟಾಗಿ ಏರ್ಪಡಿಸಿದ್ದನು. ಬೇಸಗೆಯ ಬೆಲೆಯನ್ನು ಅಂಬಿಗರಂತೆ ದಂಡನಾಯಕನೂ ಬಲ್ಲವನಾಗಿದ್ದನು.

ಈಗ ದೋಣಿಯನ್ನು ನೀರಿಗಿಳಿಸಿ ಸ್ವಲ್ಪ ಲೆಕ್ಕ ಹಾಕೋಣ. ಹರಿಗೋಲಿನ ತಳದ ವ್ಯಾಸ 2.2 ಮೀಟರು ಎಂದಿಟ್ಟುಕೊಂಡರೆ ತಳದ ವಿಸ್ತೀರ್ಣ ಸುಮಾರು 3.8 ಚದರ ಮೀಟರು. ಅದು ಒಂದು ಸೆಂಟಿಮೀಟರು ಮುಳುಗಿದರೆ 38 ಲೀಟರು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಎಂದರೆ, ಆರ್ಕಿಮಿಡೀಸನ ನಿಯಮದಂತೆ, 38 ಕಿಲೋಗ್ರಾಂ ತೂಕವನ್ನು ಹೊರುತ್ತದೆ. ದೋಣಿಯ ತೂಕ 80 ಕಿಲೋಗ್ರಾಂ, ಅದರಲ್ಲಿ ಕುಳಿತ ಎಂಟು ಜನರ ತೂಕ 440 ಕಿಲೋಗ್ರಾಂ ಆದರೆ ದೋಣಿ ಮುಳುಗುವುದು ಸುಮಾರು 14 ಸೆಂಟಿಮೀಟರು ಮಾತ್ರ. ಅಂಚು ನೀರಿನಿಂದ ಮೊಳದುದ್ದ ಮೇಲಿರುವುದನ್ನು ಕಂಡು, ಇನ್ನೂ ನಾಲ್ವರು ಏರಬಹುದೆಂದು ದಡದವರು ಅವಸರಪಡಿಸುವುದು ಇಂಥ ಹೊತ್ತಿನಲ್ಲಿಯೇ.

ಆದರೆ ಈ ಲೆಕ್ಕದಲ್ಲಿ ನಾವು ತಳವನ್ನು ನೀರು ತೂರದ ವಸ್ತುವೆಂದು ಭಾವಿಸಿದ್ದೇವೆ. ಹೊಲಿಗೆ ಬಿಚ್ಚಿ ತಳದಲ್ಲಿ 10 ಸೆಂಟಿಮೀಟರು ಉದ್ದದ, ಒಂದೇ ಮಿಲಿಮೀಟರು ಅಗಲದ ಸೀಳು ಉಂಟಾಗಿದೆ ಎನ್ನೋಣ. 14 ಸೆಂಟಿಮೀಟರು ಆಳದಲ್ಲಿ ನೀರು ಸೆಕೆಂಡಿಗೆ ಸುಮಾರು 1.7 ಮೀಟರು ವೇಗದಿಂದ ಒಳಗೆ ಚಿಮ್ಮುತ್ತದೆ. ರಂಧ್ರದಲ್ಲಿ ಧಾರೆ ಕುಗ್ಗುವುದನ್ನು ಗಣನೆಗೆ ತೆಗೆದುಕೊಂಡರೂ ನಿಮಿಷಕ್ಕೆ 6 ಲೀಟರು, ಕಾಲು ಗಂಟೆಗೆ 90 ಲೀಟರು ಒಳಬರುತ್ತದೆ. ಚೀಟಿ ಕೊಳ್ಳದೆಯೇ ಹತ್ತಿದ ಒಂದೂವರೆ ಪ್ರಯಾಣಿಕನಷ್ಟು ಭಾರ!

ಬರಿಯ ಭಾರವೇ ಆಗಿದ್ದರೆ ಅಷ್ಟು ಭಯವಿರಲಿಲ್ಲ; ದೋಣಿ ಇನ್ನೆರಡು ಸೆಂಟಿಮೀಟರು ಇಳಿಯುತ್ತಿತ್ತು, ಅಷ್ಟೆ. ನಿಜವಾದ ಅಪಾಯ ಬೇರೆ. ಮನುಷ್ಯನು ಕುಳಿತಲ್ಲಿ ಕುಳಿತಿರುತ್ತಾನೆ, ನೀರು ಕುಳಿತಿರುವುದಿಲ್ಲ. ತಳದಲ್ಲಿ ಸಮನಾಗಿ 3 ಸೆಂಟಿಮೀಟರು ನೀರು ನಿಂತರೆ ಅದರ ತೂಕ 114 ಕಿಲೋಗ್ರಾಂ. ಈಗ ಒಂದು ಮಗು ಮೀನನ್ನು ನೋಡಲೆಂದು ಅಂಚಿಗೆ ಬಾಗಿತು, ದೋಣಿ 3 ಡಿಗ್ರಿ ಓರೆಯಾಯಿತು ಎನ್ನಿ. 2.2 ಮೀಟರು ಅಗಲದ ತಳದಲ್ಲಿ ಒಂದು ಬದಿ ಇನ್ನೊಂದಕ್ಕಿಂತ 11 ಸೆಂಟಿಮೀಟರಿಗೂ ಮಿಕ್ಕಿ ತಗ್ಗುತ್ತದೆ. ಒಳಗಿನ ನೀರೆಲ್ಲ ಒಮ್ಮೆಗೇ ಆ ತಗ್ಗಿದ ಬದಿಗೆ ಹರಿದು ಸೇರುತ್ತದೆ. ಇಬ್ಬರು ವಯಸ್ಕರು ಹೇಳದೆ ಕೇಳದೆ ಎದ್ದು ಆ ಬದಿಗೆ ಹಾರಿದಂತಾಯಿತು! ಇದರಿಂದ ಗುರುತ್ವಕೇಂದ್ರ ಆ ಕಡೆಗೆ ಸರಿಯುತ್ತದೆ, ಓರೆ ಹೆಚ್ಚುತ್ತದೆ, ಉಳಿದ ನೀರೂ ಅತ್ತಲೇ ನುಗ್ಗುತ್ತದೆ; ಗಾಬರಿಗೊಂಡ ಜನ ಒಂದೇ ಕಡೆಗೆ ಒರಗುತ್ತಾರೆ. ದೊಡ್ಡ ಹಡಗುಗಳನ್ನು ಕಟ್ಟುವವರು ದ್ರವಗಳನ್ನು ತುಂಬುವ ತೊಟ್ಟಿಗಳನ್ನು ಗೋಡೆಗಳಿಂದ ವಿಭಾಗಿಸುವುದು ಈ ಹೊಯ್ದಾಟದ ಭಯದಿಂದಲೇ. ಹರಿಗೋಲಿನಲ್ಲಿ ಅಂಥ ಗೋಡೆಗಳಿಲ್ಲ. ನೀರು ಒಳಗೆ ಬಾರದಂತೆ ನೋಡಿಕೊಳ್ಳುವುದೊಂದೇ ಅದಕ್ಕಿರುವ ದಾರಿ.

ಡಾಂಬರು ಇದನ್ನು ಹೇಗೆ ಸಾಧಿಸುತ್ತದೆ? ರಂಧ್ರಗಳನ್ನು ಮುಚ್ಚುತ್ತದೆಂಬುದು ಅರ್ಧ ಉತ್ತರ. ನೀರಿಗೂ ಬಿದಿರಿಗೂ ಸ್ನೇಹ. ಬಿದಿರಿನ ನಾರುಗಳ ಸಂದಿಯಲ್ಲಿ ನೀರು ಬತ್ತಿಗೆ ಎಣ್ಣೆ ಏರುವಂತೆ ತಾನಾಗಿಯೇ ಏರುತ್ತದೆ. ಇದೇ ಕೇಶಾಕರ್ಷಣೆ. ನೀರಿಗೂ ಡಾಂಬರಿಗೂ ಆಗದು. ಡಾಂಬರು ಬಳಿದ ಹಲಗೆಯ ಮೇಲೆ ನೀರು ಹರಡದೆ ಮುತ್ತಿನಂತೆ ದುಂಡಗೆ ನಿಲ್ಲುವುದನ್ನು ಯಾರೂ ನೋಡಬಹುದು. ಆದ್ದರಿಂದ ಡಾಂಬರಿನ ಪದರದಲ್ಲಿ ಅತಿ ಸೂಕ್ಷ್ಮವಾದ ರಂಧ್ರ ಉಳಿದಿದ್ದರೂ, ನೀರಿನ ಮೇಲ್ಮೈ ಸೆಳೆತವೇ ಅದರ ಬಾಯಿಗೆ ಅಗಣಿ ಹಾಕಿದಂತೆ ನಿಂತು ನೀರನ್ನು ಹೊರಗಿಡುತ್ತದೆ. ಈ ಅಗಣಿಯ ಬಲಕ್ಕೆ ಮಿತಿಯುಂಟು. ನೀರು ಡಾಂಬರನ್ನು 100 ಡಿಗ್ರಿಯ ಕೋನದಲ್ಲಿ ಮುಟ್ಟುತ್ತದೆಂದು ಹಿಡಿದು ನಾವು ಲೆಕ್ಕ ಮಾಡಿದಾಗ, 14 ಸೆಂಟಿಮೀಟರು ಆಳದ ಒತ್ತಡವನ್ನು ತಡೆಯಬಲ್ಲ ರಂಧ್ರದ ವ್ಯಾಸ ಸುಮಾರು 0.04 ಮಿಲಿಮೀಟರು ಎಂದು ಬಂದಿತು. ತಲೆಗೂದಲಿನ ದಪ್ಪದ ಸುಮಾರು ಅರ್ಧ. ಅದಕ್ಕಿಂತ ದೊಡ್ಡದಾದರೆ ಅಗಣಿ ಮುರಿಯಿತು.

ಅಂಬಿಗನು ಹೇಳಿದ ಬೊಬ್ಬೆ ಇಲ್ಲಿ ಪ್ರವೇಶಿಸುತ್ತದೆ. ಕಾಯಿಸಿದ ಡಾಂಬರಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನು ಬಹಳವಾಗಿ ಮೀರಿ ಸುಮಾರು 150 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಬಟ್ಟೆಯಲ್ಲಿಯೋ ಬಿದಿರಿನಲ್ಲಿಯೋ ತೇವವಿದ್ದರೆ ಅದು ಒಡನೆಯೇ ಆವಿಯಾಗುತ್ತದೆ. ನೀರು ಆವಿಯಾಗುವಾಗ ಅದರ ಗಾತ್ರ ಸುಮಾರು 1,700 ಮಡಿ ಹೆಚ್ಚುತ್ತದೆ. ಸಾಸಿವೆಗಿಂತ ಕಿರಿದಾದ, ಒಂದು ಘನ ಮಿಲಿಮೀಟರು ನೀರು ಆಡುವ ಗೋಲಿಯಷ್ಟು ದೊಡ್ಡ ಗುಳ್ಳೆಯಾಗಬಲ್ಲುದು. ಗುಳ್ಳೆ ಕೂಡಲೇ ಒಡೆದರೆ ಅಲ್ಲೊಂದು ತೂತು. ಒಡೆಯದೆ ಆರಿದರೆ ತೆಳುವಾದ ಸಿಪ್ಪೆಯ ಬೊಬ್ಬೆ. ಎರಡನೆಯದೇ ಹೆಚ್ಚು ಮೋಸದ್ದು. ನೋಟಕ್ಕೆ ಮೈ ತುಂಬಿದಂತೆ ಕಾಣುತ್ತದೆ, ಮೊದಲನೆಯ ಬಂಡೆ ಉಜ್ಜಿದೊಡನೆ ಹರಿಯುತ್ತದೆ.

ಮಾತನ್ನು ನಂಬದೆ ಪರೀಕ್ಷಿಸಿ ನೋಡುವುದು ನಮ್ಮ ವೃತ್ತಿಯ ಚಾಳಿ. ಒಂದೇ ಅಳತೆಯ ಎರಡು ಬಿದಿರಿನ ಬುಟ್ಟಿಗಳಿಗೆ ಒಂದೇ ಬಗೆಯ ಬಟ್ಟೆಯನ್ನು ಹೊದಿಸಿದೆವು. ಒಂದನ್ನು ವಾರದವರೆಗೆ ಬಿಸಿಲಿನಲ್ಲಿಟ್ಟೆವು. ಇನ್ನೊಂದನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ ಹೊರಮೈಯನ್ನು ಮಾತ್ರ ಒರಸಿದೆವು. ಎರಡಕ್ಕೂ ಅದೇ ಡಾಂಬರನ್ನು ಅದೇ ದಿನ ಬಳಿದು, ಆರಿದ ಮೇಲೆ ಸಮತೂಕದ ಕಲ್ಲುಗಳನ್ನಿಟ್ಟು ತೊಟ್ಟಿಯಲ್ಲಿ ತೇಲಿಬಿಟ್ಟೆವು. ಗಂಟೆಯೊಂದು ಕಳೆಯುವಷ್ಟರಲ್ಲಿ ಒದ್ದೆಬುಟ್ಟಿಯಲ್ಲಿ ಬೆರಳು ಮುಳುಗುವಷ್ಟು ನೀರಿತ್ತು. ಒಣಬುಟ್ಟಿಯಲ್ಲಿಯೂ ಒಂದು ಮೂಲೆ ತೇವವಾಗಿತ್ತೆಂಬುದನ್ನು ಮುಚ್ಚಿಡಬಾರದು. ಅಲ್ಲಿ ಕುಂಚವನ್ನು ಆಡಿಸಿದವರು ನಾವೇ! ಈ ಪ್ರಯೋಗವನ್ನು ಮಾಡಬಯಸುವ ವಿದ್ಯಾರ್ಥಿಗಳು ಡಾಂಬರನ್ನು ಕಾಯಿಸುವ ಕೆಲಸವನ್ನು ಅನುಭವಸ್ಥರಿಗೇ ಬಿಡಬೇಕು. ಕಾದ ಡಾಂಬರಿಗೆ ನೀರು ಬಿದ್ದರೆ, ಮೇಲೆ ಹೇಳಿದ 1,700 ಮಡಿಯ ಹಿಗ್ಗುವಿಕೆ ಅದನ್ನು ಮುಖದ ಮೇಲೆಯೇ ಸಿಡಿಸುತ್ತದೆ.

ಹಾಗಾದರೆ ಬೇಸಗೆಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಗಾಳಿಯಲ್ಲಿ ತೇವ ಕಡಿಮೆಯಾದ ಈ ತಿಂಗಳುಗಳಲ್ಲಿ ಬಿದಿರು ಒಳಗಿನವರೆಗೂ ಒಣಗುತ್ತದೆ. ಬಿಸಿಲಿಗೆ ಕಾದ ಮೈಯ ಮೇಲೆ ಡಾಂಬರು ತಟ್ಟನೆ ಗಟ್ಟಿಯಾಗದೆ ಸಂದಿಗೊಂದಿಗಳಿಗೆ ಹರಿಯುತ್ತದೆ. ಪ್ರತಿವರ್ಷವೂ ಬಳಿಯಬೇಕಾದದ್ದು ಏಕೆಂದರೆ, ಬಿಸಿಲು ಗಾಳಿಗಳಲ್ಲಿ ಡಾಂಬರು ಆಮ್ಲಜನಕವನ್ನು ಹೀರಿ ಕ್ರಮೇಣ ಬಿರುಸಾಗುತ್ತದೆ. ಹರಿಗೋಲು ಬಂಡೆಗೆ ತಾಗಿದಾಗ ಮುರಿಯದೆ ಬಾಗುವುದು ಅದರ ಗುಣ. ಆದರೆ ದೋಣಿ ಬಾಗಿದರೆ ಮುದಿ ಡಾಂಬರು ಬಾಗಲಾರದು, ಬಿರುಕು ಬಿಡುತ್ತದೆ.

ಚಳಿಯ ದೇಶಗಳಲ್ಲಿಯೂ ವಸಂತವೇ ದೋಣಿಗಳ ಸಂಸ್ಕಾರಕಾಲ; ಕಾರಣ ಮಾತ್ರ ಬೇರೆ. ಅಲ್ಲಿ ನೀರಿನ ಮೇಲೆ ಸ್ಕೀ ಆಡುವವರನ್ನು ಹಗ್ಗದಿಂದ ಎಳೆದುಕೊಂಡು ಓಡುವ ವಿಹಾರದ ಮೋಟಾರು ದೋಣಿಗಳುಂಟು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ, ಎಂಜಿನ್ನನ್ನು ತಂಪುಮಾಡುವ ನಾಳಗಳಲ್ಲಿ ನೀರು ಉಳಿದರೆ ಎರಕದ ಕಬ್ಬಿಣವೂ ಸೀಳುತ್ತದೆ. ಆದ್ದರಿಂದ ಶರತ್ಕಾಲದಲ್ಲಿಯೇ ನೀರನ್ನೆಲ್ಲ ಬಸಿದು, ವಸಂತದಲ್ಲಿ ಬಿರುಕುಗಳಿಗಾಗಿ ಹುಡುಕುತ್ತಾರೆ. ಪಂಪಿನ ರಬ್ಬರ್ ರೆಕ್ಕೆಗಳು ಸೆಟೆದಿವೆಯೇ ಎಂದು ನೋಡುತ್ತಾರೆ. ಬ್ಯಾಟರಿಯ ಸ್ಥಿತಿ ವಿನೋದಕರವಾದುದು: ಪೂರ್ಣ ವಿದ್ಯುತ್ತುಳ್ಳ ಬ್ಯಾಟರಿಯ ಆಮ್ಲ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೆಪ್ಪುಗಟ್ಟದು, ಬರಿದಾದುದರಲ್ಲಿ ಆಮ್ಲ ತೆಳುವಾಗಿ ನೀರಿನಂತಾಗಿರುವುದರಿಂದ ಸಾಮಾನ್ಯ ಚಳಿಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಇಷ್ಟೆಲ್ಲ ನೋಡಿದವರೂ ತಳದ ಬಿರಡೆಯನ್ನು ಹಾಕಲು ಮರೆತು ದೋಣಿಯನ್ನು ನೀರಿಗಿಳಿಸುವುದುಂಟು. 25 ಮಿಲಿಮೀಟರು ವ್ಯಾಸದ ಆ ತೂತು ಒಂದಡಿ ಆಳದಲ್ಲಿದ್ದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರನ್ನು ಒಳಬಿಡುತ್ತದೆ.

ಹರಿಹರದ ದಂಡೆಗೆ ಮರಳೋಣ. ಮೂರು ವಾರಗಳ ಮೇಲೆ ಮತ್ತೆ ಹೋದಾಗ ಡಾಂಬರು ಬಳಿಯುವ ಕೆಲಸ ಮುಗಿದಿತ್ತು. ಅಂಬಿಗನು ಬೋರಲಾದ ಹರಿಗೋಲಿನ ಒಂದು ಅಂಚನ್ನೆತ್ತಿ, ಹುಡುಗರನ್ನು ಒಳಗೆ ನುಸುಳಲು ಹೇಳಿದನು. ನಡುಹಗಲಿನಲ್ಲಿಯೂ ಒಳಗೆ ಕತ್ತಲೆ. ತಲೆಯ ಮೇಲೆ ಮೂರು ಚುಕ್ಕೆಗಳು ನಕ್ಷತ್ರದಂತೆ ಹೊಳೆಯುತ್ತಿದ್ದವು. ಅವುಗಳ ಕೆಳಗೆ ಮರಳಿನ ಮೇಲೆ ಮೂರು ದುಂಡು ಬೆಳಕಿನ ಬೊಟ್ಟುಗಳು. ತೂತುಗಳು ದುಂಡಗಿವೆ ಎಂದು ಹುಡುಗರು ತೀರ್ಮಾನಿಸಿದರು. ಅದು ತಪ್ಪು. ಆ ಬೊಟ್ಟುಗಳು ಸೂರ್ಯನ ಬಿಂಬಗಳು. ಸೂಜಿರಂಧ್ರದ ಕ್ಯಾಮರಾದಲ್ಲಿ ಮೂಡುವಂಥವು. ತೂತು ಯಾವ ಆಕಾರದ್ದಾದರೂ ಬಿಂಬ ದುಂಡಗೇ ಇರುತ್ತದೆ. ತೂತಿನ ಗಾತ್ರವನ್ನು ಬೊಟ್ಟಿನ ಅಗಲದಿಂದಲ್ಲ, ಹೊಳಪಿನಿಂದ ಊಹಿಸಬೇಕು. ಓರೆಯಾದ ಸಂದಿಗಳಲ್ಲಿ ಬೆಳಕು ತೂರದು, ನೀರು ತೂರುತ್ತದೆ. ಆದಕಾರಣ ಬೆಳಕಿನ ಪರೀಕ್ಷೆಯೊಂದೇ ಸಾಲದು.

ಅಂಬಿಗನು ಆ ಮೂರು ಕಡೆಗಳಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಸಿ ಮತ್ತೆ ಡಾಂಬರು ಹಚ್ಚಿದನು. ಸಂಜೆ ಹರಿಗೋಲನ್ನು ದಡಕ್ಕೆ ಕಟ್ಟಿ, ಒಳಗೆ ಮನುಷ್ಯರಿಗೆ ಬದಲಾಗಿ ಮರಳಿನ ಚೀಲಗಳನ್ನು ಪೇರಿಸಿ ರಾತ್ರಿಯೆಲ್ಲ ತೇಲಲು ಬಿಟ್ಟನು. ಬೆಳಿಗ್ಗೆ ಚೀಲಗಳನ್ನು ಒಂದೊಂದಾಗಿ ಎತ್ತಿ, ಅವುಗಳ ಅಡಿಯನ್ನು ಅಂಗೈಯಿಂದ ಮುಟ್ಟಿ ನೋಡಿದನಂತೆ. ಎಲ್ಲವೂ ಒಣಗಿದ್ದ ಮೇಲೆಯೇ ಅವನು ಹುಟ್ಟನ್ನು ಕೈಗೆತ್ತಿಕೊಂಡದ್ದು.